ಗಾಡಿ ನಿಲ್ಲಿಸುವ ಕೈ, ನಡೆದು ಬರುವ ಕಾಲು

ಬೆಳಗಿನ ಐದಕ್ಕೆ ಇನ್ನೂ ಎರಡು ನಿಮಿಷವಿದೆ. ಸಾನ್ ಎವಾರಿಸ್ತೊ ಊರು ಮುಗಿದು ಸಾಂತಾ ಕ್ಲಾರಾ ರಸ್ತೆ ಶುರುವಾಗುವಲ್ಲಿ, ಬಾದಾಮಿ ಮರದ ಕೆಳಗೆ, ಇಡಾಲ್ಮಿಸ್ ಕರಬಾಯೊ ಕೈಚೀಲದಿಂದ ಹಳದಿ ಅಂಗಿ ತೆಗೆದು, ಒಮ್ಮೆ ಕೊಡವಿ ತೊಟ್ಟುಕೊಳ್ಳುತ್ತಾರೆ. ಕರೆಂಟ್ ಎಂದಿನಂತೆ ಹೋಗಿದೆ. ಮರದ ಸುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಕತ್ತಲಲ್ಲೇ ಕೂತಿದ್ದಾರೆ. ಅಂಗಿಯ ಕೊನೆಯ ಗುಂಡಿ ಹಾಕುವಷ್ಟರಲ್ಲಿ ದೂರದಲ್ಲಿ ಎರಡು ದೀಪ ಕಾಣುತ್ತವೆ. ಅವರು ರಸ್ತೆಗೆ ಎರಡು ಹೆಜ್ಜೆ ಇಟ್ಟು ಬಲಗೈ ಎತ್ತುತ್ತಾರೆ. ಮೊಟ್ಟೆ ಲಾರಿಯೊಂದು ಗೊಣಗುತ್ತಾ ನಿಲ್ಲುತ್ತದೆ.

"ಎಲ್ಲಿಗಪ್ಪಾ?"

"ಸಾಂತಾ ಕ್ಲಾರಾಗೆ. ಜಾಗ ಇಲ್ಲ ಅಕ್ಕಾ, ಪೂರ್ತಿ ಮೊಟ್ಟೆ."

"ನಿನ್ನ ಪಕ್ಕದಲ್ಲೂ ಮೊಟ್ಟೇನೇ ಕೂತಿದ್ಯಾ? ಬಾಗಿಲು ತೆಗಿ. ಇಬ್ರು ಹಿಡೀತಾರೆ."

ಇಬ್ಬರು ಹಿಡಿಯುತ್ತಾರೆ. ಇಡಾಲ್ಮಿಸ್ ನೋಟ್‌ಬುಕ್ಕಿನಲ್ಲಿ ಲಾರಿಯ ನಂಬರ್ ಬರೆದುಕೊಳ್ಳುತ್ತಾರೆ. ನೀಲಿ ಪ್ಲೇಟಿನ ಸರ್ಕಾರಿ ಗಾಡಿ ಖಾಲಿ ಸೀಟು ಇಟ್ಟುಕೊಂಡು ಹೋಗುವಂತಿಲ್ಲ. ಗಾಡಿ ನಿಲ್ಲಿಸಿ ಜನ ಹತ್ತಿಸುವುದೇ ಕೆಲಸವಾದ ಹಳದಿ ಅಂಗಿಯವರ ಕೈ ಎದ್ದರೆ ನಿಲ್ಲಲೇಬೇಕು. ನಿಲ್ಲದೆ ಹೋದವರ ನಂಬರ್ ಬೇರೆ ಪುಟದಲ್ಲಿ ಏರುತ್ತದೆ. ಆ ಪುಟದಿಂದ ಮುಂದೆ ಏನಾಗುತ್ತದೆ ಎಂದು ಕೇಳಿದರೆ ಅವರು ನಗುತ್ತಾರೆ. "ಏನೂ ಆಗಲ್ಲ. ಆದ್ರೆ ಬರೀತಿದಾಳೆ ಅಂತ ಅವರಿಗೆ ಗೊತ್ತಿರ್ಬೇಕು."

ನಾನು ಈ ಮರದ ಕೆಳಗೆ ಒಂಬತ್ತು ವರ್ಷ ನಿಂತವನು. ಮೊದಲು ಮೇಷ್ಟರಾಗಿ, ಈಗ ಪತ್ರಿಕೆಗೆ ಬರೆಯುವವನಾಗಿ. ಇಷ್ಟು ವರ್ಷದಲ್ಲಿ ನನ್ನನ್ನು ಕೆಲಸಕ್ಕೆ ಮುಟ್ಟಿಸಿದವರು ಇವರು. ಇವರು ಕೆಲಸಕ್ಕೆ ಹೇಗೆ ಬರುತ್ತಾರೆ ಎಂದು ಮಾತ್ರ ನಾನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯ ವಿಷಯ, ಆದರೂ ನಿಜ. ಕಳೆದ ತಿಂಗಳು ಅವರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದಾಗ ಮೊದಲ ಸಲ ಕೇಳಿದೆ.

"ನಡ್ಕೊಂಡು. ಮತ್ತೆ ಹೆಂಗೆ ಬರ್ಲಿ?" ಎಂದರು.

ಅವರ ಮನೆ ಇರುವುದು ಲಾ ಗ್ವಾಸಿಮಾದಲ್ಲಿ. ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಉಳಿದುಕೊಂಡ ನಲವತ್ತು ಮನೆಗಳ ಸಾಲು ಅದು. ಅಲ್ಲಿಂದ ಇಲ್ಲಿಗೆ ಆರು ಕಿಲೋಮೀಟರ್. ಕಬ್ಬು ಸಾಗಿಸುತ್ತಿದ್ದ ಹಳೆಯ ರೈಲು ಹಳಿಯ ಮೇಲೆ, ಎರಡೂ ಕಡೆ ಮುಳ್ಳು ಪೊದೆಗಳ ನಡುವೆ, ಟಾರ್ಚ್ ಹಿಡಿದು ಬರಬೇಕು. ಒಂದು ಚೀನಾ ಸೈಕಲ್ ಇತ್ತು. ಅದಕ್ಕೆ ಟೈರು ಸಿಗದೆ ಈಗ ಕೋಳಿಗಳು ಅದರ ಮೇಲೆ ಮಲಗುತ್ತವೆ. ಮೂರೂವರೆಗೆ ಎದ್ದು, ಹುರಿದ ಬಟಾಣಿ ಪುಡಿ ಬೆರೆಸಿದ ಕಾಫಿ ಕುಡಿದು, ಮೂರು ನಲವತ್ತೈದಕ್ಕೆ ಹೊರಟರೆ ಎಪ್ಪತ್ತು ನಿಮಿಷದ ನಡಿಗೆ. ಮಧ್ಯಾಹ್ನ ಒಂದಕ್ಕೆ ಪಾಳಿ ಮುಗಿದ ಮೇಲೆ ಕುದುರೆಗಾಡಿ ಸಿಗುತ್ತದೆ. ಬೆಳಗಿನ ಆ ಹೊತ್ತಿಗೆ ಕುದುರೆಯೂ ಏಳುವುದಿಲ್ಲ.

ಹಳಿ ಬಿಟ್ಟು ಹೆದ್ದಾರಿಗೆ ಸೇರಿದ ಮೇಲಿನ ಒಂದು ಕಿಲೋಮೀಟರಿನಲ್ಲಾದರೂ ಹಳದಿ ಅಂಗಿ ತೊಟ್ಟು ಕೈ ಎತ್ತಬಹುದಲ್ಲ ಎಂದೆ. ಅವರಿಗೆ ಸಿಟ್ಟೇ ಬಂತು.

"ಅಂಗಿ ಸಾಲಿನಲ್ಲಿರೋರಿಗೆ ಕಣಪ್ಪಾ, ನನಗಲ್ಲ. ಐದು ಗಂಟೆಗೆ ಮುಂಚೆ ನಾನು ರಸ್ತೇಲಿ ಹೋಗೋ ಒಬ್ಬ ಮುದುಕಿ ಅಷ್ಟೆ. ಮುದುಕಿಗೆ ಯಾವ ಗಾಡಿ ನಿಲ್ಲುತ್ತೆ ಹೇಳು."

ಇಪ್ಪತ್ತೆರಡು ವರ್ಷ. ಒಮ್ಮೆಯೂ ತಡವಾಗಿಲ್ಲವಂತೆ ಎಂದು ನಾನು ಹೊಗಳಲು ಹೊರಟರೆ ಅವರೇ ತಿದ್ದುತ್ತಾರೆ. "ಎರಡು ದಿನ ತಡ ಆಗಿದೆ. ಒಂದು ಚಂಡಮಾರುತ, ಇನ್ನೊಂದು ಮೊಮ್ಮಗಳು." ಹಿಂದೆ ಎಂಟು ಗಂಟೆಯೊಳಗೆ ಅರವತ್ತು ಗಾಡಿಗಳು ಬರುತ್ತಿದ್ದವು. ಪೆಟ್ರೋಲಿಗೆ ಬರ ಬಂದ ಮೇಲೆ ಈಗ ಹನ್ನೊಂದು ಬಂದರೆ ಹಬ್ಬ. ಆ ಹನ್ನೊಂದರಲ್ಲೇ ಅರವತ್ತು ಎಪ್ಪತ್ತು ಜನರನ್ನು ತೂರಿಸಿ ಕಳಿಸುತ್ತಾರೆ. ಆಸ್ಪತ್ರೆಯ ದಾದಿಯರು, ಬಾಯ್ಲರ್ ನೋಡಿಕೊಳ್ಳುವವರು, ಅಡುಗೆಯವರು, ಕಸ ಗುಡಿಸುವವರು. ಊರಿನ ಉಳಿದವರು ಏಳುವ ಮೊದಲು ಕೆಲಸಕ್ಕೆ ಹಾಜರಿರಬೇಕಾದವರು ಇವರೆಲ್ಲ.

ಸೆಪ್ಟೆಂಬರ್‌ನಲ್ಲಿ ಇಡಾಲ್ಮಿಸ್‌ಗೆ ಅರವತ್ತು ತುಂಬುತ್ತದೆ. ಮೊಣಕಾಲು ಅದಕ್ಕಿಂತ ಮೊದಲೇ ನಿವೃತ್ತಿ ಕೇಳುತ್ತಿದೆ. ಅವರ ಜಾಗಕ್ಕೆ ಯಾರೂ ಸಿಗದಿದ್ದರೆ ಈ ನಿಲ್ದಾಣ ಬೆಳಗಿನ ಎಂಟಕ್ಕೆ ತೆರೆಯುತ್ತದೆ ಎಂದು ಸಾರಿಗೆ ಕಚೇರಿ ಹೇಳಿಬಿಟ್ಟಿದೆ. ಆರೂವರೆಯ ಪಾಳಿಯವರಿಗೆ ಎಂಟಕ್ಕೆ ತೆರೆಯುವ ನಿಲ್ದಾಣ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಳಗ್ಗೆ ಈ ಮರದ ಕೆಳಗೆ ಕೂತವರ ಬಾಯಲ್ಲಿ ಈಗ ಇದೊಂದೇ ಮಾತು.

ಹಾಗಂತ ಯಾರೂ ಬರಲಿಲ್ಲ ಎಂದಲ್ಲ, ಮೂವರು ಬಂದರು. ಮೊದಲನೆಯವನು ಗಟ್ಟಿ ಆಳು. ಚಿಕ್ಕಪ್ಪನ ಮಗನ ಮೋಟಾರ್ ಬೈಕಿನಲ್ಲಿ ನಾಲ್ಕು ದಿನ ಬಂದ, ಪೆಟ್ರೋಲ್ ಮುಗಿದ ಮೇಲೆ ಅವನೂ ಮುಗಿದ. ಎರಡನೆಯವರು ಊರಿನ ಆಚೆ ತುದಿಯವರು. ಹೊರಗೆ ಕಾಲಿಟ್ಟ ಮೊದಲ ದಿನವೇ ಬೀದಿನಾಯಿಗಳು ಅವರನ್ನು ಮನೆಯೊಳಗೆ ಅಟ್ಟಿದವು. ಮೂರನೆಯವರು ನಿವೃತ್ತ ಸಾರ್ಜೆಂಟ್. ಶಿಸ್ತಿನ ಮನುಷ್ಯ, ಗುಡುಗುವ ದನಿ, ಕೈ ಎತ್ತಿದರೆ ರೈಲೂ ನಿಲ್ಲಬೇಕು. ಒಂಬತ್ತು ಕಿಲೋಮೀಟರ್ ದಾಟಿ ಅವರು ಬಂದು ಮುಟ್ಟುವಾಗ ಆರೂಕಾಲು.

"ಕೆಲಸ ಎಲ್ರಿಗೂ ಬರುತ್ತೆ. ಕೆಲಸಕ್ಕೆ ಬರೋದಕ್ಕೇ ಯಾರಿಗೂ ಬರಲ್ಲ" ಎನ್ನುತ್ತಾರೆ ಇಡಾಲ್ಮಿಸ್.

ಅವರ ಕಣ್ಣಿರುವುದು ಮಿಗ್ದಾಲಿಯಾ ಮೇಲೆ. ನಲವತ್ತೊಂದು ವರ್ಷದ ಈ ಹೆಂಗಸು ಸಾಂತಾ ಕ್ಲಾರಾದ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಆರೂವರೆಗೆ ಒಲೆ ಹಚ್ಚಬೇಕು. ಎಂಟು ವರ್ಷದಿಂದ ಇದೇ ಸಾಲಿನಲ್ಲಿದ್ದಾರೆ. ಮನೆ ಇಲ್ಲಿಂದ ಮೂರನೇ ಬೀದಿ. ಎಲ್ಲ ಸರಿ, ಆದರೆ ಬಾಯಿ ಮಾತ್ರ ಬಾರದು. ಜೋರಾಗಿ ಮಾತಾಡಿದವರನ್ನು ಕಂಡರೆ ಚಪ್ಪಲಿ ನೋಡುತ್ತಾ ನಿಲ್ಲುತ್ತಾರೆ. ಚಾಲಕರು ಬೈದರೆ ಏನು ಹೇಳಲಿ ಅಕ್ಕಾ, ಎನ್ನುವುದೊಂದೇ ಅವರ ಉತ್ತರ. ಅರ್ಜಿ ಹಾಕಲು ಶುಕ್ರವಾರ ಕೊನೆ. ಮೊಟ್ಟೆ ಲಾರಿ ನಿಂತ ಆ ದಿನ ಮಂಗಳವಾರ. ನಾನು ಹೇಳಹೊರಟಿರುವುದು ಆ ಮಂಗಳವಾರದ ಕಥೆ, ಅದರಲ್ಲಿ ತಪ್ಪು ನನ್ನದೇ.

ನಮ್ಮಲ್ಲಿ ಸಾಲು ಎಂದರೆ ಒಬ್ಬರ ಹಿಂದೊಬ್ಬರು ನಿಲ್ಲುವುದಲ್ಲ. ಬಂದವರು "ಕೊನೆ ಯಾರು?" ಎಂದು ಕೂಗುತ್ತಾರೆ. ಕೊನೆಯವರು ಕೈ ಎತ್ತುತ್ತಾರೆ. "ನೀವು ಯಾರ ಹಿಂದೆ?" ಎಂದೂ ಕೇಳಿಟ್ಟುಕೊಳ್ಳಬೇಕು, ಅವರು ಎದ್ದು ಹೋದರೆ ಇನ್ನೊಬ್ಬರ ಗುರುತಾದರೂ ಇರಲಿ ಎಂದು. ಅಲ್ಲಿಗೆ ನೀವು ಕೊನೆ. ಆಮೇಲೆ ಗೋಡೆಗೊರಗಿ, ನಿದ್ದೆ ಹೊಡೆಯಿರಿ, ಯಾರೂ ಕೇಳುವುದಿಲ್ಲ. ಆದರೆ ಇನ್ನೊಬ್ಬರು ಬಂದು ಆ ಕೊನೆಯನ್ನು ನಿಮ್ಮಿಂದ ಪಡೆಯುವವರೆಗೆ ಜಾಗ ಬಿಟ್ಟು ಕದಲುವಂತಿಲ್ಲ. ಇದು ಮೂರು ವರ್ಷದ ಮಗುವಿಗೂ ಗೊತ್ತು.

ನಾನು ಆವತ್ತು ಬಾಯ್ಲರ್ ಕೆಲಸದ ಎವೇಲಿಯೊನಿಂದ ಕೊನೆ ಪಡೆದುಕೊಂಡೆ. ಪಡೆದವನು, ನೋಟ್‌ಬುಕ್ ನೋಡಬೇಕೆಂದು ಇಡಾಲ್ಮಿಸ್ ಜೊತೆ ಮರದ ಆ ಬದಿಗೆ ಹೋಗಿ ಹರಟುತ್ತಾ ನಿಂತೆ. ಅಷ್ಟರಲ್ಲಿ ಆರು ಜನ ಬಂದರು. ಕೊನೆ ಯಾರು ಎಂದು ಕೂಗಿದರೆ ಉತ್ತರವಿಲ್ಲ. ಮೂವರು ಎವೇಲಿಯೊನೇ ಕೊನೆ ಎಂದುಕೊಂಡರು, ಇನ್ನು ಮೂವರು ಯಾರೋ ದಾದಿಯನ್ನು ಹಿಡಿದರು. ಮೊಟ್ಟೆ ಲಾರಿ ಹೋದ ಮೇಲೆ ನಲವತ್ತು ನಿಮಿಷ ಒಂದೂ ಗಾಡಿ ಇಲ್ಲ. ಗಡಿಯಾರ ಐದು ನಲವತ್ತೈದು ದಾಟಿದಾಗ ಸಾಲಿಗೆ ಎರಡು ಬಾಲ ಇರುವುದು ಬಯಲಾಯಿತು.

"ನಾನು ಮುಂಚೆ!"

"ನೀನ್ಯಾವಾಗ ಬಂದ್ಯೋ, ನಾನು ಬಂದಾಗ ನಿನ್ನ ನೆರಳೂ ಇರ್ಲಿಲ್ಲ!"

"ಅಕ್ಕಾ, ಈ ಮನುಷ್ಯಂದೇ ಎಲ್ಲಾ," ಎಂದು ಎವೇಲಿಯೊ ನನ್ನತ್ತ ಬೆರಳು ತೋರಿಸಿದ. "ಪೇಪರ್‌ನಲ್ಲಿ ಲೋಕಕ್ಕೆಲ್ಲಾ ಬುದ್ಧಿ ಹೇಳ್ತಾರೆ, ಒಂದು ಕೊನೆ ಇಟ್ಕೊಂಡು ಕೂರೋಕಾಗಲ್ಲ!"

ಇಡಾಲ್ಮಿಸ್ ರಸ್ತೆಗೆ ಬೆನ್ನು ಹಾಕಿ, ಟಾರ್ಚಿನ ಬೆಳಕನ್ನು ನೆಲಕ್ಕೆ ಬಿಟ್ಟು, ಒಂದೊಂದೇ ಜೊತೆ ಕಾಲು ನೋಡುತ್ತಾ ಬಂದರು. ಅವರು ಸಾಲನ್ನು ನೆನಪಿಟ್ಟುಕೊಳ್ಳುವುದು ಪಾದರಕ್ಷೆಗಳಿಂದ. ಕತ್ತಲಲ್ಲಿ ಮುಖ ಯಾರಿಗೆ ಕಾಣುತ್ತದೆ? "ಬಿಳಿ ಕ್ಯಾನ್ವಾಸು ಮೊದಲು. ಆಮೇಲೆ ಈ ಹರಿದಿರೋ ಬೂಟು. ನೀಲಿ ಚಪ್ಪಲಿ, ನೀನು ಬೂಟಿನ ಹಿಂದೆ, ಸುಮ್ನೆ ಕಿರುಚಬೇಡ."

ಆಗಲೇ ವ್ಯಾನೊಂದು ಬಂತು. ನೀಲಿ ಪ್ಲೇಟು, ಒಳಗೆ ಒಬ್ಬನೇ ಚಾಲಕ. ಜಗಳದ ಗದ್ದಲದಲ್ಲಿ ನಮಗೆ ಅದು ಕಂಡಿದ್ದೇ ತೀರಾ ಹತ್ತಿರ ಬಂದಾಗ. ಹಳದಿಯವರು ಇರುವಾಗ ಸಾಲಿನಲ್ಲಿರುವವರು ಕೈ ಎತ್ತುವ ರೂಢಿ ಇಲ್ಲ. ಎತ್ತಿದರೂ ಯಾವ ಚಾಲಕ ನಿಲ್ಲಿಸುತ್ತಾನೆ? ನಾವೆಲ್ಲ ಬಾಯಿ ತೆರೆದು ನೋಡುತ್ತಾ ನಿಂತೆವು. ಈ ವ್ಯಾನು ಹೋದರೆ ಆರೂವರೆಯ ಪಾಳಿಯೂ ಹೋಯಿತು.

ಅಂಚಿನ ಕಲ್ಲಿನ ಮೇಲೆ ಕೂತಿದ್ದ ಮಿಗ್ದಾಲಿಯಾ ಎದ್ದರು. ರಸ್ತೆಗೆ ಇಳಿದು ಕೈ ಎತ್ತಿದರು. ವ್ಯಾನು ಅವರನ್ನು ದಾಟಿ ಮೂವತ್ತು ಮೀಟರ್ ಮುಂದೆ ಹೋಗಿ ಬ್ರೇಕ್ ಹಾಕಿತು. ಚಾಲಕ ತಲೆ ಹೊರಗೆ ಹಾಕಿ ರೇಗಿದ.

"ಹಳದಿ ಎಲ್ಲಿ? ನೀನ್ಯಾರಮ್ಮ ನಿಲ್ಸೋಕೆ?"

ಮಿಗ್ದಾಲಿಯಾ ಈ ಸಲ ಚಪ್ಪಲಿ ನೋಡಲಿಲ್ಲ. "ಹಳದಿ ಅಲ್ಲಿದಾರೆ, ಕೆಲಸದಲ್ಲಿದಾರೆ. ಖಾಲಿ ಸೀಟು ಎಷ್ಟು?" ಎಂದರು. ಆ ದನಿ ಎಂಟು ವರ್ಷ ಎಲ್ಲಿತ್ತೋ ನನಗೆ ಗೊತ್ತಿಲ್ಲ.

"ಒಂಬತ್ತು" ಎಂದ ಚಾಲಕ, ಸಣ್ಣಗೆ.

ತಮ್ಮನ್ನು ಬಿಟ್ಟು ಎಂಟು ಜನರನ್ನು ಅವರೇ ಹೆಸರು ಹಿಡಿದು ಕರೆದರು. ಇಡಾಲ್ಮಿಸ್ ಆಗ ನಿಧಾನಕ್ಕೆ ನಡೆದು ಬಂದು ನೋಟ್‌ಬುಕ್ ಮತ್ತು ಪೆನ್ನು ಅವರ ಕೈಗಿಟ್ಟರು. ಮಿಗ್ದಾಲಿಯಾ ವ್ಯಾನಿನ ನಂಬರ್ ಬರೆದರು. ಕೊನೆಯ ಅಂಕಿ ಗೀಟಿನಾಚೆ ಹೋಗಿತ್ತು. ಅವರನ್ನೂ ಒಳಗೆ ತಳ್ಳಿ ಬಾಗಿಲು ಹಾಕಿದ ಇಡಾಲ್ಮಿಸ್, "ಹೋಗು, ಒಲೆ ಹಚ್ಚು. ಇದಿನ್ನೂ ನಿನ್ನ ಕೆಲಸ ಆಗಿಲ್ಲ" ಎಂದರು.

ನನ್ನನ್ನು ಸಾಲಿನ ಕಟ್ಟಕಡೆಗೆ ಹಾಕಿದರು. ನ್ಯಾಯವೇ. ಆವತ್ತು ನಾನು ಸಾಂತಾ ಕ್ಲಾರಾ ಮುಟ್ಟಿದ್ದು ಹನ್ನೊಂದಕ್ಕೆ, ಹುಲ್ಲಿನ ಟ್ರ್ಯಾಕ್ಟರಿನಲ್ಲಿ.

ಶುಕ್ರವಾರ ಸಂಜೆ ಕಚೇರಿಗೆ ಫೋನ್ ಮಾಡಿದೆ. ಒಂದೇ ಒಂದು ಅರ್ಜಿ ಬಂದಿದೆ ಎಂದು ಗುಮಾಸ್ತೆ ಓದಿ ಹೇಳಿದರು. ಹೆಸರು, ವಯಸ್ಸು, ಓದು. ಈಗ ಆ ಅರ್ಜಿಯಲ್ಲಿ ಹೊಸದೊಂದು ಪ್ರಶ್ನೆ ಸೇರಿಸಿದ್ದಾರಂತೆ, ಬೆಳಗಿನ ಐದಕ್ಕೆ ಕೆಲಸದ ಜಾಗಕ್ಕೆ ಹೇಗೆ ಬರುತ್ತೀರಿ ಎಂದು. ಅದರ ಮುಂದೆ ಮಿಗ್ದಾಲಿಯಾ ಬರೆದಿದ್ದಾರೆ: "ನಡೆದು. ನಾಲ್ಕು ನಿಮಿಷ."

ಶನಿವಾರ ಬೆಳಗ್ಗೆ ಮರದ ಕೆಳಗೆ ನಾನು ಈ ಸುದ್ದಿ ಹೇಳುವಾಗ ಇಡಾಲ್ಮಿಸ್ ಬ್ರೆಡ್ಡಿಗೆ ಸೀಬೆಹಣ್ಣಿನ ಹಲ್ವಾ ಇಟ್ಟುಕೊಂಡು ತಿನ್ನುತ್ತಿದ್ದಾರೆ. ಅಗಿಯುವುದನ್ನು ನಿಲ್ಲಿಸುತ್ತಾರೆ.

"ನಾಲ್ಕು ನಿಮಿಷ!" ಎನ್ನುತ್ತಾರೆ. "ನಂಗೆ ಎಪ್ಪತ್ತು. ಹೊಟ್ಟೆ ಉರಿಯುತ್ತೆ ಕಣಪ್ಪಾ."

ಸೆಪ್ಟೆಂಬರ್ ಆದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಒಂದು ವಾರ ಏಳು ಗಂಟೆಯವರೆಗೆ ಮಲಗುತ್ತಾರಂತೆ. ಆಮೇಲೆ ಒಂದು ದಿನ ಇಲ್ಲಿಂದಲೇ ಗಾಡಿ ಹತ್ತಿ ಸಾಂತಾ ಕ್ಲಾರಾಗೆ ಹೋಗಿ, ಚೌಕದಲ್ಲಿ ಕೂತು ಐಸ್‌ಕ್ರೀಂ ತಿಂದು ಬರುತ್ತಾರಂತೆ. ಇಪ್ಪತ್ತೆರಡು ವರ್ಷದಲ್ಲಿ ತಾವು ನಿಲ್ಲಿಸಿದ ಒಂದು ಗಾಡಿಯನ್ನೂ ಅವರು ಹತ್ತಿಲ್ಲ. ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇಲ್ಲ.

ಮಾತು ಬದಲಿಸಲು ನಾನು ಮಂಗಳವಾರದ ವ್ಯಾನನ್ನು ಎತ್ತುತ್ತೇನೆ. ನನ್ನ ತಪ್ಪಿನಿಂದ ನೀವು ಬೆನ್ನು ಹಾಕಿ ನಿಂತಿದ್ದು, ಅದು ನಿಮಗೆ ಗೊತ್ತಾಗದೇ ಹೋಗಿದ್ದು, ಹೇಗೋ ಒಳ್ಳೆಯದೇ ಆಯಿತು ಎನ್ನುತ್ತೇನೆ.

"ಗೊತ್ತಾಗದೇ ಏನು? ಸೇತುವೆ ದಾಟೋವಾಗ್ಲೇ ಸದ್ದು ಕೇಳಿಸ್ತು. ವ್ಯಾನು, ಖಾಲಿ ಇದೆ ಅಂತಾನೂ ಗೊತ್ತಾಯ್ತು."

ನಾನು ಅವರ ಮುಖ ನೋಡುತ್ತೇನೆ. ನಲವತ್ತು ನಿಮಿಷದ ಮೇಲೆ ಬಂದ ಒಂದೇ ಗಾಡಿ ಅದು. "ಮತ್ತೆ ತಿರುಗ್ಲೇ ಇಲ್ವಲ್ಲ? ಹೋಗಿಬಿಟ್ಟಿದ್ರೆ?"

ಇಡಾಲ್ಮಿಸ್ ಕೈಗೆ ಅಂಟಿದ ಹಲ್ವಾ ಒರೆಸಿಕೊಂಡು ಏಳುತ್ತಾರೆ. ರಸ್ತೆಯ ತುದಿಯಲ್ಲಿ ದೀಪ ಕಾಣುತ್ತಿದೆ.

"ನನ್ನ ಎದೆ ಎಷ್ಟು ಹೊಡ್ಕೊಂಡಿತು ಅಂತ ನಂಗೊಬ್ಳಿಗೇ ಗೊತ್ತು. ಆದ್ರೆ ನಾನು ತಿರುಗಿದ್ದಿದ್ರೆ, ಅವಳು ಕೈ ಎತ್ತುತ್ತಿದ್ಲಾ?"