ವಿಮಲಾ ಮಿಸ್ ಮತ್ತು ಇಲ್ಲದ ಗಾಜು

ಬಸ್ಸಿನ ಕಿಟಕಿಯಾಗಲಿ, ಅಂಗಡಿಯ ಶೋಕೇಸಾಗಲಿ, ವಿಮಲಾ ಮಿಸ್ ಮೊದಲು ಗಾಜನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದರು. ಭದ್ರಾವತಿಯ ನಮ್ಮ ಶಾಲೆಯಲ್ಲಿ ಅವರು ನಾಲ್ಕನೇ ತರಗತಿಯ ಟೀಚರು. ಆರು ವರ್ಷದವರಿದ್ದಾಗ ಒಂದು ಹೆಸರಾಂತ ಸಿನಿಮಾದಲ್ಲಿ ನಟಿಸಿದ್ದರು. ಅದರಲ್ಲಿ ಹುಲಿಯೆದುರು ನಿಂತು ನಗುವ ಪುಟ್ಟಿ ಅವರೇ. ಹುಲಿಯ ಬಾಯಿ ಹೊಲಿದಿದ್ದರಂತೆ, ಅದು ಬರೀ ಗೊಂಬೆಯಂತೆ ಎಂದು ಊರಲ್ಲಿ ಏನೇನೋ ಸುದ್ದಿ.

"ಆ ಹುಲಿ ಸೀನ್ ಹೇಗೆ ತೆಗೆದ್ರು ಮಿಸ್?" ಎಂದು ನಾನೊಮ್ಮೆ ಕೇಳಿದೆ.

"ನಡುವೆ ಗಾಜಿದೆ, ಕಾಣಲ್ಲ ಅಷ್ಟೆ ಅಂದ್ರು ಡೈರೆಕ್ಟ್ರು. ನಂಬಿ ನಕ್ಕೆ ಕಣೇ. ಶಾಟ್ ಮುಗಿದ್ಮೇಲೆ ಗಾಜು ಮುಟ್ಟೋಣ ಅಂತ ಕೈ ಚಾಚಿದೆ. ಕೈ ಹೋಗ್ತಾನೇ ಇತ್ತು. ಹುಲಿ ಉಸಿರು ಬಿಸಿಯಾಗಿ ಬೆರಳಿಗೆ ತಾಗ್ತು. ಯಾರೋ ಹಿಂದಿಂದ ಎಳ್ಕೊಂಡ್ರು."

ಆಮೇಲೆ ಅವರು ಕ್ಯಾಮೆರಾದ ಮುಂದೆ ನಿಲ್ಲಲೇ ಇಲ್ಲ. ಶಾಲೆಯ ಗ್ರೂಪ್ ಫೋಟೋದಲ್ಲೂ ಅವರಿಲ್ಲ.

ಆ ವರ್ಷವೇ ಒಂದು ಬೆಳಿಗ್ಗೆ ಶಾಲೆಯ ಜಗಲಿಗೆ ಚಿರತೆ ನುಗ್ಗಿತು. ರಸ್ತೆಯಲ್ಲಿ ಕೂಗಾಟ. ಮಿಸ್ ಓಡಿ ತರಗತಿಯ ಬಾಗಿಲೆಳೆದರು; ಚಿಲಕ ಕೂರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಆಚೆಯಿಂದ ಉಗುರು ಗೀರುವ ಸದ್ದು. ಪಕ್ಕದ ಸೆಲ್ವಿಯ ಉಗುರು ನನ್ನ ತೋಳಿಗೆ ನಾಟಿತ್ತು.

"ಒಳಗೆ ಬರಲ್ಲ ಅಲ್ವಾ ಮಿಸ್?" ಎಂದಳು ಅವಳು.

ಬರಲ್ಲ ಎಂಬ ಒಂದು ಮಾತಿಗೆ ನಾವೆಲ್ಲ ಕಾಯುತ್ತಿದ್ದೆವು. ಮಿಸ್ ಗಲ್ಲ ನಡುಗುತ್ತಿತ್ತು.

"ಗೊತ್ತಿಲ್ಲ ಕಣೇ. ನಿಮ್ಗೆ ಸುಳ್ಳು ಹೇಳಲ್ಲ. ನಂಗೂ ಹೆದ್ರಿಕೆ ಆಗ್ತಿದೆ. ಆದ್ರೆ ನಾನು ಇಲ್ಲಿಂದ ಅಲ್ಲಾಡಲ್ಲ. ಬೆಂಚೆಲ್ಲ ತಂದು ಬಾಗಿಲಿಗೆ ಒತ್ತಿಡಿ."

ಅಳುತ್ತಲೇ ಬೆಂಚು ತಳ್ಳಿದೆವು. ತಳ್ಳುತ್ತ ತಳ್ಳುತ್ತ ಅಳು ನಿಂತಿತು. ಅರಣ್ಯ ಇಲಾಖೆಯವರು ಬಲೆ ಹಾಕಿ ಚಿರತೆಯನ್ನು ಒಯ್ಯುವವರೆಗೆ ಮಿಸ್ ಹಾಗೇ ನಿಂತಿದ್ದರು. ಆಮೇಲೆ ನಲ್ಲಿಯ ಬಳಿ ಕೂತು ವಾಂತಿ ಮಾಡಿಕೊಂಡರು. ಸೆಲ್ವಿ ಅವರ ಬೆನ್ನು ನೀವುತ್ತಿದ್ದಳು.

ಹತ್ತಾರು ವರ್ಷಗಳ ನಂತರ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಮಿಸ್ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ನಾನೂ ಟೀಚರಾದೆ ಮಿಸ್, ಮಲವಗೊಪ್ಪದಲ್ಲಿ. ಸೋಮವಾರ ನನ್ನ ಮೊದಲ್ನೇ ಕ್ಲಾಸು. ಈಗ್ಲೇ ಹೆದ್ರಿಕೆ ಆಗ್ತಿದೆ" ಎಂದೆ.

"ಒಳಗೆ ಹೋದೋಳೇ ಬೋರ್ಡಿಗೆ ತಿರುಗಿ ನಿನ್ನ ಹೆಸ್ರು ಬರಿ ಮಾರಾಯ್ತಿ. ನಿಧಾನಕ್ಕೆ ಬರಿ. ಮಕ್ಳಿಗೆ ಮುಖ ಕಾಣಲ್ಲ. ರಿಟೈರ್ ಆಗೋವರ್ಗೂ ನಾನು ಹಂಗೇ ಮಾಡಿದ್ದು" ಎಂದು ನಕ್ಕರು.

ಸೋಮವಾರ ಹಾಗೇ ಬರೆದೆ. ಅದನ್ನು ಹೇಳಲೆಂದೇ ಭಾನುವಾರ ಭದ್ರಾವತಿಗೆ ಹೋದೆ. ಮಿಸ್ ಅವರ ಅಕ್ಕ ಬಾಗಿಲು ತೆಗೆದರು.

"ಗುರುವಾರ ಹೋಗ್ಬಿಟ್ಲಮ್ಮ. ಎದೆ ನೋವು ಅಂದ್ಲು, ಅಷ್ಟೆ. ಏನಾದ್ರೂ ಹೇಳ್ಬೇಕಿತ್ತಾ?"

"ಕ್ಲಾಸು ಚೆನ್ನಾಗಾಯ್ತು ಅಂತ" ಎಂದೆ.