ವೆಂಡೆಲನ ಕೆಮ್ಮುವ ಎಂಜಿನ್

ಶನಿವಾರ ಸಂಜೆಯಾಯಿತೆಂದರೆ ಅಮೆರಿಕದ ಓಹಾಯೋದ ಒಂದು ಊರಿನಲ್ಲಿ, ಬರ್ಗರ್ ಅಂಗಡಿಯ ಮುಂದಿನ ಬಯಲಿಗೆ ಭಾರಿ ಎಂಜಿನ್ನಿನ ಹಳೆಯ ಮಸಲ್ ಕಾರುಗಳು ಬಂದು ಸೇರುತ್ತವೆ. ವೆಂಡೆಲ್ ಕ್ರಾಮರ್ ಎಲ್ಲರಿಗಿಂತ ಮೊದಲೇ ಬಂದು, ತನ್ನ ಎಪ್ಪತ್ತನೇ ಇಸವಿಯ ಹಸಿರು ಪಾಂಟಿಯಾಕ್‌ನ ಬಾನೆಟ್ ಎತ್ತಿ ನಿಂತಿರುತ್ತಾನೆ. ಇಸವಿಯ ಮಾತು ಬಂದರೆ ಅವನನ್ನು ಹಿಡಿಯುವವರಿಲ್ಲ. "ಎಪ್ಪತ್ತರದು ಕಾರು ಕಣಯ್ಯಾ! ಎಪ್ಪತ್ತೊಂದರಲ್ಲಿ ಕಂಪ್ರೆಶನ್ ಇಳಿಸಿ ಎಂಜಿನ್ ಜೋರೇ ತೆಗೆದುಬಿಟ್ರು, ಆಮೇಲಿಂದು ಬರೀ ಅದರ ಫೋಟೋ!" ಯಾರಾದರೂ ಎಂಜಿನ್ನಿಗೆ ಇನ್ನಷ್ಟು ಜೋರು ತುಂಬಿಸುತ್ತೇನೆಂದರೆ ಮುಗಿದೇ ಹೋಯಿತು. "ಸಿಲಿಂಡರ್ ಕೊರೆಸ್ತೀಯಾ? ಗೋಡೆ ತೆಳ್ಳಗಾಗಿ ಬಿಸಿಗೆ ಬಿರುಕು ಬಿಡುತ್ತೆ. ಟರ್ಬೊ ಕೂರಿಸ್ತೀಯಾ? ಪಿಸ್ಟನ್ ಚೂರುಗಳನ್ನ ರಸ್ತೇಲಿ ಆಯ್ಕೊಂಡು ಬರ್ತೀಯ. ಕಂಪನಿಯವರು ಬಿಗಿದ ಒಂದು ಸ್ಕ್ರೂನೂ ನಾನು ಅಲ್ಲಾಡಿಸಿಲ್ಲ, ಗೊತ್ತಾ?" ಇಷ್ಟೆಲ್ಲ ಜೋಪಾನ ಮಾಡಿದ ಎಂಜಿನ್ ಮಾತ್ರ ಪ್ರತಿ ಶನಿವಾರ ತಪ್ಪದೆ ಕೆಮ್ಮುತ್ತದೆ. ಕೆಮ್ಮು ಕೇಳಿದ್ದೇ ತಡ, ಕಾಫಿ ಲೋಟ ಹಿಡಿದ ಗಂಡಸರೆಲ್ಲ ಬಂದು ಮುತ್ತಿಕೊಳ್ಳುತ್ತಾರೆ. "ಕಾರ್ಬುರೇಟರ್ ಕಣೋ ವೆಂಡೆಲ್!" "ಥೂ, ಸುಮ್ನಿರಪ್ಪ, ಪೆಟ್ರೋಲಿಗೆ ನೀರು ಸೇರಿದೆ!" ವೆಂಡೆಲ್ ಎಲ್ಲರ ಮಾತಿಗೂ ತಲೆಯಾಡಿಸುತ್ತಾನೆ, ಆದರೆ ಯಾರಿಗೂ ಸ್ಕ್ರೂಡ್ರೈವರ್ ಕೊಡುವುದಿಲ್ಲ. ಕತ್ತಲಾಗುತ್ತ ಬಂದಂತೆ, ಹೆಂಡತಿ ಕಾಯುತ್ತಿರುತ್ತಾಳೆಂದು ಒಬ್ಬೊಬ್ಬರಾಗಿ ಹೊರಡುತ್ತಾರೆ; ಅಂಥ ಅವಸರವಿಲ್ಲದವನು ವೆಂಡೆಲ್ ಒಬ್ಬನೇ. ಬಯಲು ಖಾಲಿಯಾದ ಮೇಲೆ ಅವನು ಎಂಜಿನ್ನಿನ ಹಿಂಬದಿಗೆ ಕೈ ಹಾಕಿ, ಮಧ್ಯಾಹ್ನ ಮನೆಯಲ್ಲಿ ತಾನೇ ಸಡಿಲಿಸಿದ್ದ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಒತ್ತಿ ಕೂರಿಸುತ್ತಾನೆ. ಮನೆ ಮುಟ್ಟುವವರೆಗೂ ಎಂಜಿನ್ ಒಮ್ಮೆಯೂ ಕೆಮ್ಮುವುದಿಲ್ಲ. ಅದು ಎಷ್ಟು ನಯವಾಗಿ ಓಡುತ್ತದೆಂಬುದು ಆ ಊರಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.