ನಾರು ನೋಡಿ ಓದುವ ಗಾಜಿನಕ್ಕ

ಒಗ್ಗರಣೆ ಹಾಕದೆ, ನಡೆದದ್ದನ್ನು ನಡೆದ ಹಾಗೆಯೇ ಹೇಳುವುದಾದರೆ, ಬೆಳಗಿನ ಆರು ಗಂಟೆಗೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಗಾಜಿನಕ್ಕ ಒಬ್ಬ ರಾಣಿಯ ಉಪವಾಸ ಮುರಿಯಲು ಕೂತಿದ್ದಾರೆ.

ರಾಣಿ ಇರುವುದು ಪಪೈರಸ್ ಹಾಳೆಯ ಮೇಲೆ. ಜೊಂಡಿನ ದಿಂಡನ್ನು ತೆಳ್ಳಗೆ ಸೀಳಿ, ಉದ್ದಕ್ಕೊಂದು ಪದರ, ಅಡ್ಡಕ್ಕೊಂದು ಪದರ ಇಟ್ಟು ಒತ್ತಿ ಮಾಡಿದ ಹಾಳೆ. ವಯಸ್ಸು ಸುಮಾರು ಸಾವಿರದ ಎಂಟುನೂರು ವರ್ಷ. ಅದರ ಮೇಲೆ ಹಳೆಯ ಗ್ರೀಕಿನಲ್ಲಿ ಒಂದು ಕಥೆಯ ತುಣುಕು: ಗಂಡ ಯುದ್ಧಕ್ಕೆ ಹೋಗಿದ್ದಾನೆ, ರಾಣಿ ಕಿಟಕಿಯ ಬಳಿ ನಿಂತಿದ್ದಾಳೆ, ಮುಂದೆ ಹರಿದಿದೆ. ಹರಿದ ಅಂಚಿಗೆ ಹೆಬ್ಬೆರಳ ಉಗುರಿನಷ್ಟು ಒಂದು ಚೂರು ಅಂಟಿಕೊಂಡಿದೆ. ‘ನಾಲ್ಕು ದಿನದಿಂದ ಏನನ್ನೂ ತಿಂದಿಲ್ಲ’ ಎಂಬ ಮಾತು ಇರುವುದು ಆ ಚೂರಿನಲ್ಲಿ. ಅದು ಅಲ್ಲಿಯದಲ್ಲ ಎನ್ನುತ್ತಾರೆ ಗಾಜಿನಕ್ಕ. ಹತ್ತು ಗಂಟೆಗೆ ಫೋಟೊ ತೆಗೆಯುವವರು ಬರುತ್ತಾರೆ. ಈ ಕಥೆಯ ಮೇಲೆ ಗ್ರೀಕ್ ಪ್ರೊಫೆಸರರು ಬರೆದ ಪುಸ್ತಕಕ್ಕಾಗಿ ಆ ಫೋಟೊ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಹತ್ತರೊಳಗೆ ಚೂರನ್ನು ಬಿಡಿಸಿ ತೋರಿಸಬೇಕು.

ಇಪ್ಪತ್ತೆರಡು ವರ್ಷದಿಂದ ಅಕ್ಕನದು ಇದೇ ಮೇಜು. ಸುರುಟಿಕೊಂಡ ಚೂರುಗಳಿಗೆ ತೇವ ಕೊಟ್ಟು, ಮಡಿಕೆ ಬಿಡಿಸಿ, ಎರಡು ಗಾಜಿನ ನಡುವೆ ಮಲಗಿಸುವುದು ಕೆಲಸ. ಹಾಗಾಗಿಯೇ ಆ ಹೆಸರು. ದಿನಕ್ಕೆ ಎಂಟು ಚೂರು, ಕೈ ಚೆನ್ನಾಗಿ ಓಡಿದ ದಿನ ಹನ್ನೊಂದು. ಇದುವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಚೂರಿಗೆ ಗಾಜು ಮುಚ್ಚಿದ್ದಾರೆ. ಬಗ್ಗಿ ಬಗ್ಗಿ ಕುತ್ತಿಗೆ ಬಲಕ್ಕೆ ತಿರುಗುವುದನ್ನೇ ಬಿಟ್ಟಿದೆ. ಬಲಗಡೆಯಿಂದ ಯಾರಾದರೂ ಕರೆದರೆ ಕುರ್ಚಿಯ ಸಮೇತ ತಿರುಗುತ್ತಾರೆ. ‘ಒಂಬತ್ತು ವರ್ಷ ನನ್ನನ್ನ ಟೆಂಪರರಿ ಅಂತಲೇ ಇಟ್ಟಿದ್ರು. ನೋವು ಮಾತ್ರ ಮೊದಲ ವರ್ಷವೇ ಪರ್ಮನೆಂಟ್ ಆಯ್ತು’ ಎನ್ನುತ್ತಾರೆ.

ಅವರಿಗೆ ಗ್ರೀಕ್ ಒಂದಕ್ಷರವೂ ಬಾರದು. ಅವರ ಅಪ್ಪ ಹರಿದ ಕೋಟುಗಳಿಗೆ ಎಳೆಗೆ ಎಳೆ ಕೂಡಿಸಿ ಹೊಲಿಯುತ್ತಿದ್ದರು. ಹೊಲಿದ ಜಾಗ ಕೋಟಿನ ಒಡೆಯನಿಗೇ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಎಳೆ ಹುಡುಕಿಕೊಡುತ್ತಿದ್ದವರು ಮಗಳು. ‘ಅಕ್ಷರ ನನಗೆ ಇರುವೆ ಸಾಲಿದ್ದ ಹಾಗೆ. ಇರುವೆ ಏನು ಹೊತ್ತುಕೊಂಡು ಹೋಗ್ತಿದೆ ಅಂತ ನನ್ನ ಕೇಳಬೇಡಿ. ಅದು ಓಡಾಡೋ ನೆಲ ಯಾವುದು ಅಂತ ಕೇಳಿ, ಹೇಳ್ತೀನಿ.’

ನಿನ್ನೆ ಮಧ್ಯಾಹ್ನ, ಫೋಟೊಗೆಂದು ಹಳೆಯ ಬಿರುಕು ಗಾಜು ತೆಗೆದಾಗ, ಮೇಜಿನ ಗಾಜಿನಡಿಯ ದೀಪದಲ್ಲಿ ಅವರಿಗೆ ಕಂಡದ್ದು ಆ ನೆಲವೇ. ದೊಡ್ಡ ಹಾಳೆಯ ಅಡ್ಡ ನಾರುಗಳು ಹರಿದ ಅಂಚಿನವರೆಗೆ ಬಂದು ನಿಲ್ಲುತ್ತವೆ. ಚೂರಿನಲ್ಲಿ ಬೇರೆಯೇ ನಾರು: ಒಂದು ದಪ್ಪ, ಎರಡು ಸಪೂರ. ಹನ್ನೊಂದು ವರ್ಷದ ಹಿಂದೆ ಅದನ್ನು ಅಂಟಿಸಿದ್ದು ಪ್ರೊಫೆಸರರೇ. ಆಗ ಅಕ್ಕ ಮಗಳ ಬಾಣಂತನದಲ್ಲಿ ಮನೆಯಲ್ಲಿದ್ದರು.

ಪ್ರೊಫೆಸರರು ಕೆಮ್ಮಿದರೂ ಅದಕ್ಕೊಂದು ಅಡಿಟಿಪ್ಪಣಿ ಇರುತ್ತದೆ. ಚಹಾ ಆರಿದರೆ, ‘ಇದು ಆರಿದೆ ಎಂಬುದು ನಿರ್ವಿವಾದ’ ಎಂದು ಮೂಗಿನಿಂದ ಘೋಷಿಸುತ್ತಾರೆ. ಮೇಲಿನ ಮಹಡಿಯ ಗುಮಾಸ್ತರೆಲ್ಲ ಅವರಿಲ್ಲದಾಗ ಹಾಗೆಯೇ ಮಾತಾಡುತ್ತಾರೆ. ಉಪವಾಸವಿದ್ದ ರಾಣಿಯ ವಿರಹದ ಮೇಲೆ ಅವರು ಎಂಬತ್ತು ಪುಟ ಬರೆದಿದ್ದಾರೆ. ಅಕ್ಕನ ಮಾತು ಕೇಳಿ ಮೊದಲು ಅವರು ಕೇಳಿದ್ದು, ನಿನಗೆ ಎಷ್ಟು ಕ್ರಿಯಾಪದ ಗೊತ್ತಮ್ಮಾ ಎಂದು. ಒಂದೂ ಇಲ್ಲ ಎಂದರು ಅಕ್ಕ. ಎರಡರ ಕೈಬರಹವೂ ಒಂದೇ ಥರ ದುಂಡಗಿದೆಯಲ್ಲ ಎಂದರು ಅವರು. ಒಂದೇ ಶಾಲೆಗೆ ಹೋದ ಇಬ್ಬರಿರಬಹುದು ಎಂದರು ಇವರು. ಪ್ರೊಫೆಸರರ ದನಿ ಇಳಿಯಿತು.

‘ಬಿಡಿಸೋವಾಗ ಪುಡಿಯಾದ್ರೆ?’

‘ಪುಡಿಯಾದ್ರೆ ಚಿಮಟ ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ ಸಾರ್. ಮತ್ತೆ ಈ ಮೆಟ್ಟಿಲು ಇಳಿಯಲ್ಲ.’

ಅದು ಬಾಯಿಮಾತಲ್ಲ. ಬೆಳಿಗ್ಗೆ ಹೊರಡುವಾಗ ಅತ್ತೆಗೂ ಹೇಳಿಬಂದಿದ್ದಾರೆ.

ಈಗ ಪ್ರೊಫೆಸರರು ಬಾಗಿಲ ಬಳಿ ನಿಂತಿದ್ದಾರೆ. ಪಕ್ಕದಲ್ಲಿ ಪಟ್ಟಿ ಬರೆಯುವ ಗುಮಾಸ್ತ. ಅಕ್ಕ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ‘ಎಡಗೈಗೆ ಆತುರ ಜಾಸ್ತಿ, ಕರೆಯದೇ ಬರತ್ತೆ.’ ಒದ್ದೆ ಬ್ಲಾಟಿಂಗ್ ಕಾಗದದ ಸಣ್ಣ ಪಟ್ಟಿಯನ್ನು ಹಳೆಯ ಅಂಟಿನ ಮೇಲೆ ಮಲಗಿಸುತ್ತಾರೆ. ನಾಲ್ಕು ನಿಮಿಷ. ತೇವ ಕಡಿಮೆಯಾದರೆ ಅಂಟು ಬಿಡದು, ಹೆಚ್ಚಾದರೆ ನಾರೇ ಬಿಟ್ಟುಕೊಳ್ಳುತ್ತದೆ. ಪಟ್ಟಿ ತೆಗೆದು, ಅಂಚಿನಡಿಗೆ ತೆಳ್ಳನೆಯ ಅಲಗು ತೂರಿಸುತ್ತಾರೆ. ಚೂರು ಕೂದಲೆಳೆಯಷ್ಟು ಏಳುತ್ತದೆ. ಅದರ ಜೊತೆ ಒಂದು ನಾರೂ ಏಳುತ್ತದೆ, ನಾರಿನ ಬೆನ್ನ ಮೇಲೆ ಅರ್ಧ ಅಕ್ಷರ.

ಅಕ್ಕನ ಕೈ ಕಲ್ಲಾಗುತ್ತದೆ. ಪ್ರೊಫೆಸರರು ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಲ್ಲುತ್ತಾರೆ. ಮೇಲಿನ ಮಹಡಿಯಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಯಾರೂ ಕದಲುವುದಿಲ್ಲ. ಕುಂಚದ ತುದಿಯಿಂದ ಒಂದೇ ಒಂದು ಹನಿಯನ್ನು ಅಕ್ಕ ನಾರಿನ ಬುಡಕ್ಕೆ ಮುಟ್ಟಿಸುತ್ತಾರೆ. ಕಾಯುತ್ತಾರೆ. ಹಣೆಯ ಬೆವರು ಹುಬ್ಬಿಗೆ ಬಂದು ನಿಂತಿದೆ. ಒರೆಸಬೇಕಾದ ಕೈ ಬೆನ್ನ ಹಿಂದಿದೆ. ನಾರು ಮೆಲ್ಲಗೆ, ಮನಸ್ಸಿಲ್ಲದ ಮನಸ್ಸಿನಿಂದ, ಹಾಸಿಗೆಗೆ ಮರಳುತ್ತದೆ. ಅಲಗು ಸರಿಯುತ್ತದೆ. ಚೂರು ಬಿಡುತ್ತದೆ, ಇಡಿಯಾಗಿ.

ಇನ್ನೂ ಅರ್ಧ ಕೆಲಸ ಬಾಕಿ. ಅಲ್ಲಿಯದಲ್ಲ ಎಂದವರು ಎಲ್ಲಿಯದೆಂದೂ ಹೇಳಬೇಕಲ್ಲ. ಅಕ್ಕ, ರಾಣಿಯ ಹಾಳೆಯ ಜೊತೆ ಒಂದೇ ಡಬ್ಬದಲ್ಲಿ ಬಂದಿದ್ದ ಇನ್ನೂರ ಹದಿನಾಲ್ಕನೇ ನಂಬರಿನ ಗಾಜು ತರಿಸಿ ತೆರೆಯುತ್ತಾರೆ. ಅಣ್ಣನೊಬ್ಬ ತಂಗಿಗೆ ಬರೆದ ಕಾಗದ, ನಡುವೆ ಹೆಬ್ಬೆರಳಗಲದ ತೂತು. ಅದೂ ದುಂಡನೆಯ ಬರಹ. ಅಕ್ಕ ಬರಹ ನೋಡುವುದಿಲ್ಲ. ಒಂದು ದಪ್ಪ ನಾರು, ಎರಡು ಸಪೂರ ನಾರು ತೂತಿನ ಎಡಕ್ಕೆ ಬಂದು ನಿಂತು ಬಲಕ್ಕೆ ಮುಂದುವರಿದದ್ದು ಅವರಿಗೆ ನೆನಪಿದೆ. ಚಿಮಟದಿಂದ ಚೂರನ್ನು ತೂತಿನೊಳಗೆ ಇಳಿಸುತ್ತಾರೆ. ಮೂರೂ ನಾರು ಈ ಕಡೆಯಿಂದ ಆ ಕಡೆಗೆ ತಡೆಯಿಲ್ಲದೆ ಹಾಯುತ್ತವೆ.

‘ಓದಿ ಸಾರ್. ಓದೋದು ನಿಮ್ಮ ಕೆಲಸ.’

ಪ್ರೊಫೆಸರರು ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. ಒಮ್ಮೆ ಮನಸ್ಸಿನಲ್ಲಿ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಹೇಳುತ್ತಾರೆ. ‘ನಾವೆಲ್ಲ ಚೆನ್ನಾಗಿದ್ದೇವೆ. ಆದರೆ ನಿನ್ನ ಹೆಣ್ಣುಕತ್ತೆ ನಾಲ್ಕು ದಿನದಿಂದ ಏನನ್ನೂ ತಿಂದಿಲ್ಲ.’

ಹನ್ನೊಂದು ವರ್ಷ ಉಪವಾಸವಿದ್ದ ರಾಣಿ ಎಲ್ಲರ ಕಣ್ಣೆದುರೇ ಬಾಲ ಅಲ್ಲಾಡಿಸಿಕೊಂಡು ಹೋಗಿದ್ದಾಳೆ. ಸಾವಿರದ ಎಂಟುನೂರು ವರ್ಷದ ಆಚೆಯಿಂದ ಯಾರೋ ಅಣ್ಣ ಪ್ರೊಫೆಸರರ ಕಾಲೆಳೆದಿದ್ದಾನೆ. ಗುಮಾಸ್ತ ಬಾಯಿಗೆ ಕರ್ಚೀಫು ಒತ್ತಿಕೊಳ್ಳುತ್ತಾನೆ. ಪ್ರೊಫೆಸರರ ಹೆಗಲು ಅಲುಗುತ್ತದೆ. ಅಳುತ್ತಿದ್ದಾರೆಂದು ಅಕ್ಕ ಎದ್ದು ನಿಲ್ಲುವಷ್ಟರಲ್ಲಿ ಅವರ ಹೊಟ್ಟೆಯೊಳಗಿಂದ ನಗು ಒಡೆದು ಬರುತ್ತದೆ.

‘ಕತ್ತೆಗೆ ಹೊಟ್ಟೆ ಕೆಟ್ಟಿತ್ತಮ್ಮಾ. ನಾನು ಅದನ್ನ ವಿರಹ ಅಂದೆ. ನನ್ನ ಭಾಷಣ ಕೇಳಿ ಜನ ಕಣ್ಣು ಒರೆಸ್ಕೊಂಡಿದ್ರು.’

ಅಕ್ಕ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಗೋಡೆಯ ಹಾಗೆ ಅಡ್ಡ ಹಿಡಿಯುತ್ತಾರೆ.

‘ಸಾರ್, ನಗೋದಿದ್ರೆ ಹೊರಗೆ ಹೋಗಿ ನಗಿ. ನಾನಿನ್ನೂ ಗಾಜು ಮುಚ್ಚಿಲ್ಲ.’

ಪ್ರೊಫೆಸರರು ಅಕ್ಕನ ಮಾತು ಕೇಳಿ ಹೊರಗೆ ನಡೆಯುತ್ತಾರೆ. ಬಾಗಿಲು ಹಾಕಿದ ಮೇಲೂ, ಪ್ರೆಸ್ಸಿಗೆ ಫೋನು ಮಾಡಿ ಅಚ್ಚು ನಿಲ್ಲಿಸಿ ಎಂದು ಹೇಳಲು ಹೋಗಿ, ಹೇಳಲಾಗದೆ, ಮತ್ತೆ ಮತ್ತೆ ಮೊದಲಿನಿಂದ ನಗುವುದು ಕೇಳಿಸುತ್ತಿದೆ. ಒಳಗೆ ಅಕ್ಕ ಮೇಲಿನ ಗಾಜನ್ನು ಇಳಿಸುತ್ತಾರೆ.